ಜೆಟ್ಟಿಯ ಕೆಳಗಿನ ಮೀನು

ಕೊರ್ತಾಲಿಮ್, ಗೋವಾ
ಫೆಬ್ರವರಿ 9, 2025

ಮಂಗಲಾ ವೈನಿಗೆ ಮೀನಾಳ ನಮಸ್ಕಾರ.

ನಾವು ಆರಾಮ ಇದ್ದೇವೆ ಎಂದು ಬರೆದರೆ ಸುಳ್ಳಾಗುತ್ತದೆ. ಅವ್ವನಿಗೆ ಮೊಣಕಾಲು ನೋವು, ನನಗೆ ನಿದ್ದೆಯಿಲ್ಲ. ತಡವಾಗಿ ಬರೆಯುತ್ತಿದ್ದೇನೆ, ಕ್ಷಮಿಸಿ. ನಮ್ಮ ನಂಬರ್ ಕಂಡರೆ ನೀವು ಫೋನ್ ಕಟ್ ಮಾಡುತ್ತೀರಿ, ಅದಕ್ಕೇ ಈ ಕಾಗದ.

ನಿಮ್ಮ ಸಿಟ್ಟು ನನಗೆ ಗೊತ್ತು. ದೋಣಿ-ಹಡಗು ಕಟ್ಟುವ ಹಳೆಯ ಜೆಟ್ಟಿಗೆ ಬಾರ್ಜಿನ ತುಕ್ಕು ಕೆರೆಯಲು ಹೋದ ದೇವು ಅಣ್ಣ ಮನೆಗೆ ಬರಲಿಲ್ಲ. ಕೂಲಿಗಳ ಮುಕಾದಮ ನಾನಪ್ಪ, "ಯಾವಾಕಿನ್ನೋ ಕಟಗೊಂಡು ಕೇರಳಕ್ಕ ಓಡಿ ಹೋಗ್ಯಾನ, ಹುಡುಕಬ್ಯಾಡ್ರಿ" ಎಂದ. ನೀವು ಕೂಸನ್ನು ಎತ್ತಿಕೊಂಡು ತವರಿಗೆ ಹೋದಿರಿ.

ನನಗೀಗ ಹೊಸ ಕೆಲಸ. ಧಾರವಾಡದ ಶ್ರೀರಂಜನಿ ಅಕ್ಕ ಇಲ್ಲಿ ಮೀನುಗಳ ಸಂಶೋಧನೆ ಮಾಡುತ್ತಾರೆ. ಅವರು ನೀರಿಗಿಳಿದಾಗ ನಾನು ದೋಣಿಯಲ್ಲಿ ಅವರಿಗೆ ಕಟ್ಟಿದ ಹಗ್ಗ ಹಿಡಿದು ಕೂರುತ್ತೇನೆ. "ಸಾಲಿ ಯಾಕ ಬಿಟ್ಟಿ?" ಎಂದು ಕೇಳಿದರು. "ಬ್ಯಾಸರಾತ್ರಿ" ಅಂದೆ. "ಯವ್ವಾ, ಬ್ಯಾಸರಾತಂತ ಹಗ್ಗ ಬಿಟ್ಟೀ ಮತ್ತ!" ಎಂದು ನಕ್ಕರು.

ಕಳೆದ ವಾರ ಅದೇ ಹಳೆಯ ಜೆಟ್ಟಿಯ ಕೆಳಗೆ ಅವರಿಗೊಂದು ಮೀನು ಕಂಡಿತು. ಕಿರುಬೆರಳಿನಷ್ಟು, ಕಣ್ಣಿನ ಮೇಲೆ ಹುಬ್ಬಿನಂಥ ಎಳೆಗಳು. ಗೋವಾದ ನೀರಿನಲ್ಲಿ ಅದನ್ನು ಇದುವರೆಗೆ ಯಾರೂ ದಾಖಲಿಸಿಲ್ಲವಂತೆ. ಅಕ್ಕ ಕುಣಿದಾಡಿದ್ದಕ್ಕೆ ದೋಣಿಯೇ ಮಗುಚುತ್ತಿತ್ತು. ಗಂಡು ಮೀನು ಪೊಳ್ಳು ಜಾಗ ಹುಡುಕಿ, ಒಳಗೆ ಕೂತು ತತ್ತಿ ಕಾಯುತ್ತದಂತೆ.

ಆವತ್ತಿನಿಂದ ಹಗ್ಗ ಜಗ್ಗಿದಾಗಲೆಲ್ಲ ಬಗ್ಗಿ ನೀರಿನೊಳಗೆ ನೋಡುತ್ತೇನೆ. ಕೆಳಗಿನಿಂದ ಜಗ್ಗುತ್ತಿರುವುದು ಶ್ರೀರಂಜನಿ ಅಕ್ಕನೇ ಎಂದು ಮನಸ್ಸು ಒಪ್ಪುವುದಿಲ್ಲ.

ಕೂಸಿಗೆ ನನ್ನ ಮುದ್ದು, ದೇವರು ಅದನ್ನು ಚೆನ್ನಾಗಿಟ್ಟಿರಲಿ. ನಿಮ್ಮ ಅಪ್ಪ-ಅವ್ವನಿಗೆ ಶರಣು.

ನಿಮ್ಮ ನಾದಿನಿ
ಮೀನಾ

ತಾ.ಕ.: "ಬರೀಬ್ಯಾಡ, ಅಕಿಗೆ ಸಿಟ್ಟರ ಉಳೀಲಿ" ಎಂದು ಅವ್ವ ತಡೆದಳು. ನನ್ನಿಂದಾಗದು. ಅಕ್ಕ ಮೀನಿನ ಫೋಟೊ ತೋರಿಸಿದರು. ಅದು ತತ್ತಿ ಕಾಯುತ್ತಿರುವುದು ಒಂದು ಸ್ಟೀಲ್ ಊಟದ ಡಬ್ಬಿಯೊಳಗೆ. ಡಬ್ಬಿಯ ಮೇಲೆ ಚುಕ್ಕೆ ಚುಕ್ಕೆಯಾಗಿ ಹೆಸರು ಹೊಡೆದಿದೆ, ಅರ್ಧಕ್ಕೆ ಪಾಚಿ ಕಟ್ಟಿದೆ. "ಕನ್ನಡ ಐತಲ್ಲ! ಯಾರ ಈಕಿ, ಮಂಗಲಾ?" ಎಂದರು ಅಕ್ಕ.

ನಿಮ್ಮ ತವರಿನವರು ಮದುವೆಯಲ್ಲಿ ಕೊಟ್ಟ ಡಬ್ಬಿ ಅದು. ಅಣ್ಣ ಕಾಣೆಯಾದ ದಿನ ನೀವೇ ಅದರಲ್ಲಿ ರೊಟ್ಟಿ ಕಟ್ಟಿ ಕೊಟ್ಟದ್ದು. ಡಬ್ಬಿಯೊಂದೇ ಬಿದ್ದಿರಬಹುದು ಎಂದು ಬರೆಯಲು ನನಗೂ ಆಸೆ. ಆದರೆ ಬಾರ್ಜಿನ ಏಣಿ ಹತ್ತುವಾಗ ಕೈ ಖಾಲಿಯಿರಲೆಂದು ಅವನು ಡಬ್ಬಿಯ ಚೀಲವನ್ನು ಸೊಂಟಕ್ಕೆ ಬಿಗಿದುಕೊಳ್ಳುತ್ತಿದ್ದ, ನಿಮಗೂ ಗೊತ್ತು. ಪೊಲೀಸರಿಗೆ ಹೇಳಿದ್ದೇನೆ. ನಾಳೆ ಜೆಟ್ಟಿಯ ಕೆಳಗೆ ಹುಡುಕುತ್ತಾರೆ.

ವೈನಿ, ಅಣ್ಣ ನಿಮ್ಮನ್ನು ಬಿಟ್ಟು ಓಡಿಹೋಗಿರಲಿಲ್ಲ.