ಉಪ್ಪು ಕಡಿಮೆಯ ಪೀಪಾಯಿ

ನಬರೂಹ್,
ಏಪ್ರಿಲ್ 10

ಪ್ರೀತಿಯ ತಹಾನಿಗೆ ಅಜ್ಜಿಯ ಮುತ್ತುಗಳು.

ಅಸ್ವಾನಿನ ಬಿಸಿಲಲ್ಲಿ ಹೇಗಿದ್ದೀಯೆ? ಹೊತ್ತಿಗೆ ಸರಿಯಾಗಿ ಉಣ್ಣುತ್ತೀಯಾ? ಊರವರ ಊಟವನ್ನೆಲ್ಲ ಪರೀಕ್ಷೆ ಮಾಡುವ ಇನ್ಸ್‌ಪೆಕ್ಟರಮ್ಮ ತಾನು ಮಾತ್ರ ಚಹಾ ಬಿಸ್ಕತ್ತಿನಲ್ಲಿ ದಿನ ದೂಡುತ್ತಾಳೆ ಎಂದು ನಿಮ್ಮಮ್ಮ ಗೊಣಗುತ್ತಿರುತ್ತಾಳೆ. ನನ್ನ ಮಂಡಿ ನೋವು ಹಾಗೇ ಇದೆ. ನಾಲಿಗೆ ಗಟ್ಟಿಮುಟ್ಟಾಗಿದೆ, ಅದರ ಚಿಂತೆ ನಿನಗೆ ಬೇಡ.

ವಸಂತದ ಹಬ್ಬ ಹತ್ತಿರ ಬಂತು. ಬೀದಿಯೆಲ್ಲ ಉಪ್ಪಲ್ಲಿ ಹುಳಿ ಬರಿಸಿದ ಮೀನಿನ, ನಮ್ಮ ಫಸೀಖಿನ ವಾಸನೆ. ಹೊರಗಿನವರು ಮೂಗು ಮುಚ್ಚಿಕೊಂಡು ಓಡುತ್ತಾರೆ, ನಮಗೆ ಬಾಯಲ್ಲಿ ನೀರು. ನಿಮ್ಮಜ್ಜ ತೀರಿಕೊಂಡ ಮೇಲೆ ಮೀನಿಗೆ ಉಪ್ಪು ತುಂಬಿದ ಕೈ ನನ್ನದು. ನನ್ನ ಮೀನು ತಿಂದು ಒಬ್ಬರಾದರೂ ಆಸ್ಪತ್ರೆ ಸೇರಿದ್ದುಂಟೇ? ಎದೆ ತಟ್ಟಿ ಹೇಳುತ್ತೇನೆ, ಇಲ್ಲ. ಪ್ರತಿ ವರ್ಷ ಸರ್ಕಾರದವರು ಟಿ.ವಿ.ಯಲ್ಲಿ ಫಸೀಖ್ ತಿನ್ನಬೇಡಿ ಎಂದು ಹೆದರಿಸಿದಾಗ ಟಿ.ವಿ.ಗೇ ಬೈಯುವವಳು ನಾನು. ನೀನು ಆ ಇಲಾಖೆಗೆ ಸೇರಿದ ದಿನ "ಹುಡುಗಿ ಶತ್ರುಗಳ ಕಡೆ ಹೋದಳು" ಎಂದು ಗೋಳಾಡಿದ್ದೂ ನಾನೇ. ಈಗ ನೆನೆದರೆ ನಗು ಬರುತ್ತದೆ.

ನಿಮ್ಮಪ್ಪನ ತಲೆಗೆ ಈ ಸಲ ಹೊಸ ಹುಳ ಹೊಕ್ಕಿದೆ. ಗಿರಾಕಿಗಳಿಗೆಲ್ಲ ಬಿ.ಪಿ., ಎಲ್ಲರೂ ಉಪ್ಪು ಕಡಿಮೆ ಇರೋದು ಕೊಡಿ ಅನ್ನುತ್ತಾರಂತೆ. ಹಾಗಾಗಿ ನನ್ನ ಮಗರಾಯ ಶಹ್ಹಾತ ಸಾಹೇಬರು ಹೊಸ ಪೀಪಾಯಿಗೆ ಉಪ್ಪನ್ನು ಅರ್ಧಕ್ಕಿಳಿಸಿ, ಅಂಗಡಿ ಬಾಗಿಲ ಮೇಲೆ ಹಸಿರು ಬೋರ್ಡು ನೇತುಹಾಕಿದ್ದಾರೆ: "ಹೃದಯಕ್ಕೆ ಹಿತವಾದ ಫಸೀಖ್. ಬಿ.ಪಿ. ಇದ್ದವರೂ ಧೈರ್ಯವಾಗಿ ತಿನ್ನಿ." ಹೃದಯಕ್ಕೆ ಹಿತವಂತೆ, ಅವನ ತಲೆ! ಬಿ.ಪಿ. ಇದ್ದವರು ಫಸೀಖ್ ಬಿಡಬೇಕು, ಫಸೀಖ್ ಉಪ್ಪು ಬಿಡುವಂತಿಲ್ಲ. ಉಪ್ಪು ಸಾಲದಿದ್ದರೆ ಮೀನಿನಲ್ಲಿ ಹುಟ್ಟುವ ವಿಷಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ತಿಂದವರ ಉಸಿರೇ ನಿಲ್ಲಬಹುದು ಎಂದು ಹೋದ ರಜೆಯಲ್ಲಿ ನೀನೇ ಹೇಳಿದ್ದೆಯಲ್ಲ.

ಬಾಯಿ ನೋಯುವಷ್ಟು ಬೈದೆ. "ಅಮ್ಮಾ, ಕಾಲ ಬದಲಾಗಿದೆ, ನೀನ್ ಸುಮ್ನಿರು" ಎಂದು ನಕ್ಕು, ಹಣೆಗೆ ಮುತ್ತಿಟ್ಟು ಹೋದ. ಕೆಟ್ಟವನಾಗಿದ್ದರೆ ಸುಲಭವಿತ್ತು. ಆ ಪೀಪಾಯಿಯಿಂದ ಮೊದಲು ಕೇಳಿಟ್ಟವರು ಯಾರು ಗೊತ್ತೇ? ನಿನಗೆ ಸೈಕಲ್ ಕಲಿಸಿದ ಹಾಜಿ ಬದವಿ. ಬೋರ್ಡು ಓದಿ ಮಕ್ಕಳಂತೆ ಕುಣಿದರು, ಮೊಮ್ಮಕ್ಕಳಿಗೂ ಸೇರಿಸಿ ಹೇಳಿದ್ದಾರೆ.

ನಿಮ್ಮಮ್ಮ ನೆನಪು ಹೇಳಿದ್ದಾಳೆ. ದೇವರು ನಿನ್ನ ಕಣ್ಣು ಚುರುಕಾಗಿ, ಕೈ ಶುದ್ಧವಾಗಿ ಇಟ್ಟಿರಲಿ ಮಗಳೇ.

ನಿನ್ನ ಅಜ್ಜಿ,
ಇನ್ಶಿರಾಹ್

ತಾ.ಕ.: ಇದನ್ನು ಹೇಳಲೆಂದೇ ಇಷ್ಟು ಬರೆದೆ. ಫೋನಿನಲ್ಲಿ ಹೇಳೋಣವೆಂದರೆ ನಿಮ್ಮಪ್ಪನ ಕಿವಿ ಪಕ್ಕದಲ್ಲೇ ಇರುತ್ತದೆ. ಅದಕ್ಕೇ ಈ ರಾತ್ರಿ ಅಸ್ವಾನಿನ ರೈಲು ಹತ್ತುವ ನಿನ್ನ ಸೋದರಮಾವನ ಕೈಯಲ್ಲಿ ಕಾಗದ ಕಳಿಸುತ್ತಿದ್ದೇನೆ. ನಾಡಿದ್ದು ನಿಮ್ಮ ಇಲಾಖೆಯ ಇಲ್ಲಿನ ಕಚೇರಿಯವರು ಬಂದು ಆ ಪೀಪಾಯಿಗೆ ಸೀಲು ಹಾಕಿ, ಬೋರ್ಡು ಇಳಿಸುತ್ತಾರೆ. ನೀನೇ ಹೇಳಿ ಕಳಿಸಿದೆ ಅಂದುಕೊಂಡು ನಿಮ್ಮಪ್ಪ ಕೂಗಾಡುತ್ತಾನೆ. ಆಗ ಈ ಕಾಗದ ಓದಿ ಹೇಳು. ಅಂಗಡಿಯ ಪರವಾನಗಿ ನನ್ನ ಹೆಸರಿನಲ್ಲಿದೆ, ದಂಡವೋ ಬೀಗವೋ ಬರುವುದು ನನ್ನ ಮೇಲೆ, ಬರಲಿ. ದೂರು ಕೊಟ್ಟವರ ಹೆಸರು ಗುಟ್ಟಾಗಿಡುತ್ತೇವೆ ಎಂದರು ಕಚೇರಿಯವರು. ಬೇಡಪ್ಪಾ, ದೊಡ್ಡ ಅಕ್ಷರದಲ್ಲಿ ಬರೆದುಕೊಳ್ಳಿ, ಇನ್ಶಿರಾಹ್, ಶಹ್ಹಾತನ ತಾಯಿ ಎಂದೆ.