ಫ್ಯಾನಿಗೆ ಬಿಟ್ಟ ಎಣ್ಣೆ

ಅಕ್ಕಾ,

ನಿನ್ನೆ ಗೆಳತಿಯರ ಮುಂದೆ ನನ್ನನ್ನು "ಒಂಬತ್ತನೇ ಕ್ಲಾಸಿಗೇ ಪುಸ್ತಕ ಬಿಸಾಕಿದ ದಡ್ಡ, ಮುಟ್ಟಿದ್ದೆಲ್ಲ ಬೂದಿ ಮಾಡ್ತಾನೆ" ಅಂದೆಯಲ್ಲ, ಅವರೆಲ್ಲ ಕಿಸಕ್ಕನೆ ನಕ್ಕರು. ನಿನ್ನ ಕಂಪ್ಯೂಟರ್ ಕೆಡಿಸಿದ್ದು ನಾನಲ್ಲ. ಬೆಳಿಗ್ಗೆ ಮುಚ್ಚಳ ಬಿಚ್ಚಿದೆ, ಒಳಗೆಲ್ಲ ಹೊಲಿಗೆ ಮಿಷನ್ನಿನ ಎಣ್ಣೆಯ ವಾಸನೆ. ಅದರೊಳಗಿನ ಫ್ಯಾನು ಕಿರ್‌ಗುಟ್ಟುತ್ತಿತ್ತಲ್ಲ, ನಿನ್ನ ಓದಿಗೆ ತೊಂದರೆಯಾಗದಿರಲೆಂದು ಅಪ್ಪ ಎಣ್ಣೆ ಬಿಟ್ಟಿರಬೇಕು. ಟೇಲರ್ ಬುದ್ಧಿ. ಅದು ಮೆಮೊರಿ ಪಟ್ಟಿಗೆ ಇಳಿದು, ಆನ್ ಆಗುತ್ತಲೇ ನೀಲಿ ಪರದೆ ತೋರಿಸಿ ಸಾಯುತ್ತಿದೆ.

ಪಟ್ಟಿ ಒರೆಸಿ, ಒಣಗಲೆಂದು ಹಳೇ ಬನಿಯನ್ ಮೇಲೆ ಇಟ್ಟಿದ್ದೇನೆ. ಸಂಜೆ ಪ್ಲಗ್ ಕಿತ್ತು, ಅದನ್ನು ಟಕ್ ಅನ್ನುವವರೆಗೆ ಒತ್ತಿ ಕೂರಿಸು. ಮತ್ತೆ ನೀಲಿ ಪರದೆ ಬಂದು "ರೀಸೆಟ್ ಮಾಡಲೇ" ಅಂತ ಕೇಳಿದರೆ ಒತ್ತಬೇಡ, ನಿನ್ನ ಪ್ರಾಜೆಕ್ಟ್ ಅಳಿಸಿಹೋಗುತ್ತದೆ. ರಿಪೇರಿ ಅಂಗಡಿಗೆ ಒಯ್ಯು. ಇದಕ್ಕಿಂತ ಹೆಚ್ಚು ನನಗೂ ಗೊತ್ತಿಲ್ಲ.

ಅಪ್ಪನ ಮೇಲೆ ಮಾತ್ರ ಹರಿಹಾಯಬೇಡ. ಕೇಳಿದರೆ ತಮ್ಮನೇ ಕೆಡಿಸಿದ್ದು ಅನ್ನು, ಹೇಗೂ ನಿನ್ನ ಬಾಯಿಗೆ ರೂಢಿಯಾಗಿದೆ.

ಈಗಷ್ಟೇ ಅಪ್ಪ ಪಕ್ಕದಲ್ಲಿ ಬಂದು ನಿಂತು, "ನನ್ನಿಂದೇನಾದ್ರೂ ಕೆಟ್ಟಿತೇನೋ, ಮಗಾ?" ಅಂದ. "ಇಲ್ಲಪ್ಪಾ" ಅಂದಿದ್ದರೆ ನನ್ನ ಗಂಟೇನು ಹೋಗುತ್ತಿತ್ತು? ನಿನ್ನ ಮೇಲಿನ ಸಿಟ್ಟು ಇನ್ನೂ ಆರಿರಲಿಲ್ಲ. ಅವನ ಮುಖ ನೋಡಿದೆ, ಎದ್ದು ಬಂದುಬಿಟ್ಟೆ.