ಮಾನಿಟರಿನ ಬೆನ್ನು

ಗಂಗಾ,

ಹೋದ ವರ್ಷ ನೀನು ತೀರಿಕೊಂಡ ಮೇಲೆ ಕೊಟ್ಟೂರಿನ ನಮ್ಮ ಟೈಪಿಂಗ್ ಸೆಂಟರ್ ಮುಚ್ಚಿ, ಮಾರಲು ಮನಸ್ಸಾಗದೆ ಗೋಣಿಚೀಲದಲ್ಲಿ ಕಟ್ಟಿಟ್ಟಿದ್ದ ಹಳೇ ಕಂಪ್ಯೂಟರುಗಳನ್ನು ಇವತ್ತು ಅಟ್ಟದಿಂದ ಇಳಿಸಿದೆ.

ಸೆಂಟರಿನ ಮೊದಲ ಆಯುಧಪೂಜೆಗೆ ನೀನು ಪ್ರತಿ ಫ್ಲಾಪಿಗೂ ನೀರಲ್ಲಿ ಕಲಸಿದ ಕುಂಕುಮ ಹಚ್ಚಿದ್ದೆ. ಆಮೇಲೆ ಒಂದೂ ಓಪನ್ ಆಗಲಿಲ್ಲ. ಕಲಿಯಲು ಬಂದವರ ಎದುರೇ ನಾನು ಕೂಗಾಡಿದೆ: "ತಲಿ ಐತೇನು ನಿನಗ? ಇನ್ನ ಇವನ್ನ ಮುಟ್ಟಬ್ಯಾಡ!"

"ಆತು ಬಿಡ್ರಿ, ಮುಟ್ಟಂಗಿಲ್ಲ" ಅಂದಿದ್ದೆ ನೀನು.

ಈಗ ಧೂಳು ಒರೆಸಲು ಒಂದು ಮಾನಿಟರನ್ನು ತಿರುಗಿಸಿದರೆ, ನನ್ನ ಕಣ್ಣಿಗೆ ಬೀಳದ ಹಿಂಬದಿಯಲ್ಲಿ ಒಣಗಿದ ಕುಂಕುಮದ ಬೊಟ್ಟುಗಳು. ಒಂದರ ಕೆಳಗೊಂದು, ಆರು. ಆ ಜಗಳದ ನಂತರ ನೀನು ಬದುಕಿದ್ದೂ ಆರೇ ವರ್ಷ.

ನಾಳೆ ಆಯುಧಪೂಜೆ. ಏಳನೆಯದನ್ನು ನಾನೇ ಇಡೋಣವೆಂದು ಮನೆಯೆಲ್ಲ ಹುಡುಕಿದೆ. ಕುಂಕುಮದ ಬಟ್ಟಲನ್ನು ಎಲ್ಲಿಡುತ್ತಿದ್ದೆ ನೀನು?